ಒಂದು ಹತ್ತರ ಕರೆ

ಸೋಮವಾರ ಮಧ್ಯಾಹ್ನ ಒಂದೂ ನಲವತ್ತಕ್ಕೆ ಸಂದರ್ಶನವನ್ನು ಲುಸಿನಾ ಅವರಿಗೆ ಮೇಲ್ ಮಾಡಿದೆ. ಕಳಿಸಿದ ಮರುಗಳಿಗೆಯಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ನಮ್ಮ ಪೋಲೆಂಡಿನಲ್ಲಿ ಈ ಕಾನೂನು ಮಾಡಿದವರು ಒಂದು ದಿನವಾದರೂ ಪತ್ರಿಕೆಯಲ್ಲಿ ಕೆಲಸ ಮಾಡಿರಲಿಕ್ಕಿಲ್ಲ. ಯಾರ ಮಾತನ್ನು ಅವರದೇ ಮಾತು ಅಂತ ಅಚ್ಚು ಹಾಕುತ್ತೇವೋ ಅವರು ಕೇಳಿದರೆ ಮೊದಲು ಓದಲು ಕೊಡಬೇಕು, ಅವರು ಒಪ್ಪಬೇಕು. ನಮ್ಮಂಥ ವಾರಪತ್ರಿಕೆಯಾದರೆ ಅದಕ್ಕೆ ಇಪ್ಪತ್ತನಾಲ್ಕು ಗಂಟೆ ಗಡುವು. ಅಷ್ಟರಲ್ಲಿ ಉತ್ತರ ಬಾರದಿದ್ದರೆ ಒಪ್ಪಿದ ಹಾಗೆಯೇ. ಓದಲು ಕೊಡಿ ಎಂದು ಕೇಳದವರು ನಮ್ಮೂರಲ್ಲಿ ಯಾರೂ ಇಲ್ಲ. ಕೊಟ್ಟ ಮೇಲೆ ಸುಮ್ಮನೆ ಬಿಟ್ಟವರೂ ಇಲ್ಲ. ಬಾಯಿ ತುಂಬ ಬೈದು ಮಾತಾಡಿದವರು ಮಾರನೆಯ ದಿನ ಅದನ್ನೇ ನಗರಸಭೆಯ ನೋಟಿಸಿನ ಹಾಗೆ ತಿದ್ದಿ ಕಳಿಸುತ್ತಾರೆ. ಹೋದ ವರ್ಷ ಬೇಕರಿಯವನೊಬ್ಬ 'ನಮ್ಮ ಮೇಯರು ಗೊಬ್ಬರದ ಮೂಟೆ' ಎಂದಿದ್ದ. ತಿದ್ದಿ ಬಂದಾಗ ಅದು 'ನಗರಾಡಳಿತದ ಕೆಲವು ಕ್ರಮಗಳ ಬಗ್ಗೆ ಭಿನ್ನಾಭಿಪ್ರಾಯಗಳಿರಬಹುದು' ಎಂದಾಗಿತ್ತು. ಹದಿನಾರು ವರ್ಷದಲ್ಲಿ ಇಂಥ ನೂರಾರು ಮೂಟೆಗಳನ್ನು ಕಳಕೊಂಡಿದ್ದೇನೆ. ಆದರೆ ಈ ಸಲದ್ದು ಬೇರೆ. ಇದು ಹೋದರೆ ಮತ್ತೆ ಸಿಗುವಂಥದ್ದಲ್ಲ.

ಲುಸಿನಾ ಅವರ ಹತ್ತಿರ ನಾನು ಹೋದದ್ದು ಒಂಬತ್ತನೇ ಪುಟಕ್ಕೆ. ಅದು ವಯಸ್ಸಾದವರ ಪುಟ. ಹಳೆಯ ಕಸುಬು, ಹಳೆಯ ಫೋಟೋ, ಓದಿ ಯಾರೂ ಜಗಳಕ್ಕೆ ಬರದಂಥದ್ದು. ಆಕೆ ಊರಿನ ಪೀಠೋಪಕರಣ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವರು, ಈಗ ಎಪ್ಪತ್ತನಾಲ್ಕು. ಗಸಗಸೆ ಕೇಕು ಕೊಯ್ದಿಟ್ಟು, ಗಾಜಿನ ಲೋಟದಲ್ಲಿ ಚಹಾ ಕೊಟ್ಟು, ವಯರುಗಳನ್ನು ಹೇಗೆ ಚುಚ್ಚಿ ಮಾತು ಕೂಡಿಸುತ್ತಿದ್ದೆವು ಎಂದು ಕೈಯಾಡಿಸಿ ತೋರಿಸಿದರು. ಯಾವ ಅಧಿಕಾರಿ ಯಾವಾಗ ಯಾವ ಹೆಂಗಸಿಗೆ ಫೋನು ಮಾಡುತ್ತಿದ್ದ ಎಂಬುದನ್ನೂ ಹೇಳಿ, ಇದನ್ನು ಬರೀಬೇಡಿ ಎಂದು ನಕ್ಕರು. ಮುಕ್ಕಾಲು ಗಂಟೆ ಹೀಗೇ ಹೋಯಿತು. ರಾತ್ರಿ ಪಾಳಿ ಹೇಗಿರುತ್ತಿತ್ತು ಎಂದು ನಾನು ಕೇಳಿದ್ದೇ ತಡ, ಮೇಜಿನ ಮೇಲೆ ಬಿದ್ದ ಗಸಗಸೆ ಕಾಳುಗಳನ್ನು ಬೆರಳ ತುದಿಯಿಂದ ಒತ್ತಿ ಒತ್ತಿ ಎತ್ತುತ್ತಾ, ಅದೇ ದನಿಯಲ್ಲಿ, ಎಂಬತ್ತೇಳರ ಬೆಂಕಿಯ ರಾತ್ರಿ ಪಾಳಿಯಲ್ಲಿದ್ದದ್ದು ತಾನೇ ಎಂದರು.

ಆ ಬೆಂಕಿಯ ಕತೆ ಊರಿನ ಕೂಸಿಗೂ ಗೊತ್ತು. ಮರ ಒಣಗಿಸುವ ಶೆಡ್ಡು ಹೊತ್ತಿ ಉರಿದು ಒಬ್ಬ ಕೆಲಸಗಾರ ಸತ್ತ. ಗೇಟಿನ ಕಾವಲುಗಾರ ರೈಮುಂದ್ ಕುಡಿದು ಮಲಗಿದ್ದನಂತೆ, ಬೆಂಕಿ ಬಿದ್ದು ಎಷ್ಟೋ ಹೊತ್ತಾದ ಮೇಲೆ ಹೇಳಿದನಂತೆ. ತಾನು ಒಂದು ಹತ್ತಕ್ಕೇ ಫೋನು ಮಾಡಿದ್ದೆ ಎಂದು ಆತ ವಾದಿಸಿದ್ದನಂತೆ. ಆದರೆ ಕರೆಗಳ ದಾಖಲೆ ಪುಸ್ತಕದಲ್ಲಿ ಆತನ ಕರೆ ಇದ್ದದ್ದು ಒಂದು ಐವತ್ತಕ್ಕೆ. ಮೂರು ವರ್ಷ ಜೈಲಾಯಿತು. ಹೊರಗೆ ಬಂದ ಮೊದಲ ಚಳಿಗಾಲದಲ್ಲೇ ತೀರಿಕೊಂಡ. ಇವತ್ತಿಗೂ ನಮ್ಮಲ್ಲಿ ಯಾರಾದರೂ ಕೆಲಸದ ನಡುವೆ ತೂಕಡಿಸಿದರೆ 'ಏನಪ್ಪಾ, ರೈಮುಂದನ ಪಾಳಿಯಾ' ಅನ್ನುತ್ತಾರೆ. ನಾನೂ ಅಂದಿದ್ದೇನೆ.

ಲುಸಿನಾ ಹೇಳಿದ್ದಿಷ್ಟು. ಕರೆ ಬಂದದ್ದು ಒಂದು ಹತ್ತಕ್ಕೇ. ಎತ್ತಿದ್ದು ತಾನೇ. ಆದರೆ ಡೈರೆಕ್ಟರನ್ನು ಕೇಳದೆ ಅಗ್ನಿಶಾಮಕದವರನ್ನು ಕರೆಯಬಾರದು ಎಂಬ ಅಪ್ಪಣೆಯಿತ್ತು, ಹಿಂದೊಮ್ಮೆ ಸುಳ್ಳು ಕರೆ ಹೋಗಿ ಕಾರ್ಖಾನೆಗೆ ಕೆಟ್ಟ ಹೆಸರು ಬಂದಿತ್ತು. ಡೈರೆಕ್ಟರಿಗೆ ಫೋನು ಮಾಡಿದರೆ, ತಡಿ, ನಾನೇ ಬಂದು ನೋಡುತ್ತೇನೆ ಎಂದರು. ಬಂದು ನೋಡುವ ಹೊತ್ತಿಗೆ ನಲವತ್ತು ನಿಮಿಷ. ಮಾರನೆಯ ದಿನ ದಾಖಲೆ ಪುಸ್ತಕದ ಆ ಹಾಳೆಯನ್ನು ತೆಗೆದು, ಹೊಸ ಹಾಳೆಯಲ್ಲಿ ಒಂದು ಐವತ್ತು ಎಂದು ಬರೆದದ್ದೂ ತಾನೇ.

ಡೈರೆಕ್ಟರು ಸತ್ತು ಒಂಬತ್ತು ವರ್ಷವಾಯಿತು. ಕಾರ್ಖಾನೆ ಮುಚ್ಚಿ ಇಪ್ಪತ್ತು. ಇದನ್ನು ಹೇಳಬಲ್ಲ ಬಾಯಿ ಭೂಮಿಯ ಮೇಲೆ ಉಳಿದಿದ್ದರೆ ಅದು ಇದೊಂದೇ.

ನಾನು ಲಿಫ್ಟಿಲ್ಲದ ಮೂರು ಮಹಡಿಯನ್ನು ಎರಡೆರಡು ಮೆಟ್ಟಿಲು ದಾಟುತ್ತಾ ಇಳಿದು ಬಂದೆ. ಖುಷಿಗೋ ಭಯಕ್ಕೋ ಹೇಳಲಾರೆ.

ಸಂಪಾದಕ ಜೆನೋನ್ ಬರೆದದ್ದನ್ನು ಎರಡು ಸಲ ಓದಿದರು. ಇಡೀ ಪತ್ರಿಕೆಗೆ ಅವರೇ ಸಂಪಾದಕ, ಅವರೇ ಪುಟ ಕಟ್ಟುವವರು, ಜಾಹೀರಾತು ತರುವವರೂ ಅವರೇ. ಕನ್ನಡಕ ಹಣೆಗೇರಿಸಿ, ಚೆನ್ನಾಗಿದೆ ಅನ್ನುವ ಬದಲು, "ಫೋನ್ ಗೀನ್ ಮಾಡೋಕೆ ಹೋಗ್ಬೇಡ" ಎಂದರು.

"ಓದಿದ್ರಾ ಅಂತ ಕೇಳೋಕೂ ಬೇಡ್ವಾ?"

"ನೀನು ಫೋನ್ ಮಾಡಿದ್ರೆ ಅವ್ರಿಗೆ ನೆನಪಾಗುತ್ತೆ. ನೆನಪಾದ್ರೆ ಓದ್ತಾರೆ. ಓದಿದ್ರೆ ಮಗಳಿಗೆ ತೋರಿಸ್ತಾರೆ. ಮಗಳು, ಅಮ್ಮಾ ನಿನಗೇನಾದ್ರೂ ತಲೆ ಕೆಟ್ಟಿದೆಯಾ ಅಂತಾಳೆ. ಮುಗೀತು. ನಾಳೆ ಒಂದೂ ನಲವತ್ತರವರೆಗೆ ದೇವರ ಮೇಲೆ ಭಾರ ಹಾಕಿ ಕೂತ್ಕೋ."

ಕೂತುಕೊಳ್ಳುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದೆ. ಶವಸಂಸ್ಕಾರದ ಪ್ರಕಟಣೆಗಳನ್ನು ತಿದ್ದಿದೆ. ಕಾಲ್ಚೆಂಡಿನ ಕಿರಿಯರ ತಂಡ ಸೋತದ್ದನ್ನು ಗೌರವದಿಂದ ಹೋರಾಡಿತು ಎಂದು ಬರೆದೆ. ಹತ್ತು ನಿಮಿಷಕ್ಕೊಮ್ಮೆ ಮೇಲ್ ತೆಗೆದು ನೋಡಿದೆ. ಒಂದು ಸಲ ಟಣ್ ಎಂದಿತು, ನೋಡಿದರೆ ಹಾಸಿಗೆ ಮಾರುವವರ ಜಾಹೀರಾತು. ಉತ್ತರಕ್ಕಾಗಿ ಕಾಯುವ ಸಂಕಟ ಎಲ್ಲರಿಗೂ ಗೊತ್ತಿರುತ್ತದೆ. ಉತ್ತರ ಬಾರದಿರಲಿ ಎಂದು ಕಾಯುವುದು ಅದಕ್ಕಿಂತ ಕಷ್ಟ, ಯಾಕೆಂದರೆ ಅದು ಬರಲಿಲ್ಲವೆಂದು ಯಾವ ಗಳಿಗೆಯಲ್ಲೂ ಸಮಾಧಾನಪಡುವಂತಿಲ್ಲ.

ನಾಲ್ಕು ಗಂಟೆಗೆ ಮಗಳನ್ನು ಕರೆತರಲು ಶಾಲೆಗೆ ಹೋದೆ. ಗೇಟಿನ ಹತ್ತಿರ ಕಿಂಗಾ ನಿಂತಿದ್ದಳು.

ಇದಕ್ಕೇ ನಾನು ಹೆದರಿದ್ದು. ಕಿಂಗಾ ಆ ಕಾವಲುಗಾರನ ಮಗಳು. ಅವಳ ಹುಡುಗನೂ ನನ್ನ ಮಗಳೂ ಮೂರನೇ ಕ್ಲಾಸಿನಲ್ಲಿ ಒಂದೇ ಬೆಂಚು. ದಿನಾ ಸಂಜೆ ಹತ್ತು ನಿಮಿಷ ನಾವಿಬ್ಬರೂ ಆ ಕಬ್ಬಿಣದ ಬೇಲಿಗೆ ಒರಗಿ ಮಕ್ಕಳ ಟೊಪ್ಪಿ, ಹೇನು, ಗಂಡಂದಿರು ಎಲ್ಲದರ ಬಗ್ಗೆ ಮಾತಾಡುತ್ತೇವೆ. ಅವಳ ಅಪ್ಪನ ಬಗ್ಗೆ ಮಾತ್ರ ಯಾವತ್ತೂ ಇಲ್ಲ. ಹಲ್ಲಿನ ದವಾಖಾನೆಯಲ್ಲಿ ಚೀಟಿ ಬರೆಯುವ ಕೆಲಸ ಅವಳದು. ನಾಲಿಗೆ ಬಲು ಚುರುಕು. ದವಾಖಾನೆಯಲ್ಲಿ ಎಲ್ಲರೂ ಬಾಯಿ ತೆಗೆದುಕೊಂಡು ಕೂತಿರುತ್ತಾರೆ, ಮಾತಾಡುವವಳು ನಾನೊಬ್ಬಳೇ, ಅದಕ್ಕೇ ಅಭ್ಯಾಸವಾಗಿದೆ ಅನ್ನುತ್ತಾಳೆ.

ಆವತ್ತು ಅವಳು ಸಿಟ್ಟಿನಲ್ಲಿದ್ದಳು. ಊರಿಗೆ ಏಳುನೂರು ವರ್ಷ ತುಂಬುತ್ತದೆಂದು ಟೀಚರು ಮಕ್ಕಳಿಗೆ ಮನೆಗೆಲಸ ಕೊಟ್ಟಿದ್ದರು. ನಿಮ್ಮ ಅಜ್ಜ ಅಜ್ಜಿ ನಮ್ಮೂರಿಗಾಗಿ ಏನು ಮಾಡಿದರು, ಅರ್ಧ ಪುಟ ಬರೆದು ಚಿತ್ರ ಅಂಟಿಸಿ ತನ್ನಿ.

"ನಿನ್ನ ಮಗಳು ಏನು ಬರೆದ್ಲೇ?" ಎಂದು ಕೇಳಿದಳು.

ಅಜ್ಜ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದರು ಅಂತ, ಎಂದೆ.

"ನಾನು ರೈಲ್ವೇಲಿದ್ರು ಅಂತ ಬರೆಸ್ದೆ. ರೈಲ್ವೇಲಾದ್ರೆ ಯಾರು ಮಲಗಿದ್ರು, ಯಾರು ಎದ್ದಿದ್ರು ಅಂತ ಲೆಕ್ಕ ಇಡೋರಿಲ್ಲ." ಅವಳೇ ನಕ್ಕಳು. ಆಮೇಲೆ ಬೇಲಿಯ ಕಡೆ ತಿರುಗಿ, "ಅವನು ಹೋಗಿ ಟೀಚರಿಗೆ ಇಂಜಿನ್ ಚಿತ್ರ ಬರ್ಕೊಟ್ಟು ಬಂದಿದಾನೆ ಕಣೇ. ಹೊಗೆ ಸಮೇತ" ಎಂದಳು.

ಮಾತು ನನ್ನ ಹಲ್ಲಿನವರೆಗೆ ಬಂದಿತ್ತು. ಬಾಯಿ ತೆರೆದರೆ ಸಾಕು. ಆದರೆ ಒಪ್ಪಿಗೆಯಾಗದ ಮಾತು ಮಾತೇ ಅಲ್ಲ. ಇವತ್ತು ಹೇಳಿ, ನಾಳೆ ಆ ಹೆಂಗಸು ನಾನು ಹಾಗೆ ಹೇಳಿಯೇ ಇಲ್ಲ ಎಂದುಬಿಟ್ಟರೆ ಇವಳ ಗತಿ? ಅವಳ ಹುಡುಗನ ಮಫ್ಲರನ್ನು ನಾನೇ ಎರಡು ಸುತ್ತು ಬಿಗಿದು ಕಟ್ಟಿದೆ. ಉಸಿರು ಕಟ್ಟುತ್ತೆ ಆಂಟಿ ಎಂದ.

"ಏನೇ ಆಗಿದೆ ನಿನಗೆ? ಮೇಯರ್ ಜೊತೆ ಜಗಳ ಆಡ್ದೋಳ ಹಾಗಿದೀಯ" ಎಂದಳು ಕಿಂಗಾ.

ಹಲ್ಲು ನೋವು ಅಂದೆ. ಹಾಗಿದ್ದರೆ ಗುರುವಾರ ಬಾ, ಡಾಕ್ಟರಿಗೆ ಬಿಡುವಿದೆ ಎಂದಳು. ಗುರುವಾರ ನಮ್ಮ ಪತ್ರಿಕೆ ಹೊರಬರುವ ದಿನ.

ಮಂಗಳವಾರ ಬೆಳಿಗ್ಗೆಯಿಂದ ಪುಟಗಳು ಒಂದೊಂದಾಗಿ ಪೊಜ್ನಾನ್ ನಗರದ ಮುದ್ರಣಾಲಯಕ್ಕೆ ಹೋಗತೊಡಗಿದವು. ಕ್ರೀಡೆ ಹೋಯಿತು. ಸಾವುನೋವು ಹೋಯಿತು. ಹನ್ನೆರಡೂವರೆಗೆ ಒಂಬತ್ತನೇ ಪುಟ, ಮೊದಲ ಪುಟ ಎರಡೇ ಉಳಿದವು. ಒಂಬತ್ತನೇ ಪುಟವನ್ನು ಜೆನೋನ್ ಪರದೆಯ ಮೇಲೆ ತೆರೆದಿಟ್ಟುಕೊಂಡಿದ್ದರು. ನಡುವೆ ದಪ್ಪ ಅಕ್ಷರದಲ್ಲಿ ಸಂದರ್ಶನದ ಒಂದು ವಾಕ್ಯ: 'ಎರಡು ಚಿಕ್ಕ ಮಕ್ಕಳ ತಾಯಿ ನಾನು. ಕೆಲಸ ಹೋದರೆ ಏನು ಗತಿ ಎಂದು ಹೆದರಿಬಿಟ್ಟೆ.' ಆ ವಾಕ್ಯವನ್ನು ಆರಿಸಿ ಅಲ್ಲಿ ಕೂರಿಸಿದ್ದು ನಾನು. ಓದಿದವರ ಕಣ್ಣು ಮೊದಲು ಅಲ್ಲಿಗೇ ಹೋಗಬೇಕು, ಆ ಹೆಂಗಸಿನ ಮೇಲೆ ಕಲ್ಲೆತ್ತುವ ಮುನ್ನ ಕೈ ತಡೆಯಬೇಕು ಎಂಬುದು ನನ್ನ ಆಸೆ. ಹೋದ ತಿಂಗಳಷ್ಟೇ ಗಂಡನ ಲಾರಿ ಜರ್ಮನಿಯಲ್ಲಿ ಕೆಟ್ಟು ನಿಂತು, ಮೂರು ವಾರ ಒಬ್ಬಳೇ ಮನೆ ತೂಗಿಸಿದವಳು ನಾನು. ಆ ಹೆದರಿಕೆ ನನಗೆ ಅರ್ಥವಾಗುತ್ತದೆ ಎಂದುಕೊಂಡಿದ್ದೆ.

ಹನ್ನೆರಡೂ ನಲವತ್ತಕ್ಕೆ ಫೋನು ಬಂತು. ಲುಸಿನಾ.

"ಬೋಗ್ನಾ ಅವ್ರೇ, ಸ್ವಲ್ಪ ಮನೆಗೆ ಬರೋಕಾಗುತ್ತಾ? ನಾನು ಇದನ್ನ ಹೀಗೇ ಬಿಡೋ ಹಾಗಿಲ್ಲ."

ಜೆನೋನ್ ಮುಖ ನೋಡಿದೆ. ಅವರಿಗೆ ನಾನು ಏನೂ ಹೇಳಬೇಕಾಗಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಆ ಜಾಗಕ್ಕೆ ಅಣಬೆ ಉಪ್ಪಿನಕಾಯಿ ಮಾಡುವ ಬಗೆ ಇಟ್ಟುಕೊಂಡಿದ್ದೇನೆ, ಒಂದೂ ನಲವತ್ತರೊಳಗೆ ಹೌದೋ ಅಲ್ಲವೋ ಹೇಳು, ಎಂದು ಬೆನ್ನು ಹಾಕಿಯೇ ಅಂದರು. ನಾನು ಬಾಗಿಲು ದಾಟುವಾಗ ಮತ್ತೆ, "ಅಳಬೇಡ. ಅವರೆದುರು ಅತ್ತರೆ ಪೂರ್ತಿ ವಾಪಸ್ ತಗೋತಾರೆ" ಎಂದರು.

ಕಾರಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ವಾದ ಕಟ್ಟಿದೆ. ಡೈರೆಕ್ಟರ್ ಹೆಸರು ತೆಗೆಯಿರಿ ಎಂದರೆ ತೆಗೆಯುತ್ತೇನೆ. ನಿಮ್ಮ ಹೆಸರೇ ಬೇಡ ಎಂದರೆ ಅದಕ್ಕೂ ಸರಿ. ಒಂದು ಹತ್ತು ಎಂಬುದನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ರೈಲ್ವೆ ಗೇಟು ಹಾಕಿತ್ತು. ಮರದ ದಿಮ್ಮಿ ಹೊತ್ತ ಗೂಡ್ಸು ರೈಲು ಮುಗಿಯುವಂತೆಯೇ ಇರಲಿಲ್ಲ. ಸ್ಟಿಯರಿಂಗನ್ನು ಗುದ್ದಿದೆ. ಪಕ್ಕದ ಕಾರಿನವನು ನನ್ನನ್ನು ನೋಡಿ ಗಾಜು ಏರಿಸಿಕೊಂಡ.

ಲುಸಿನಾ ಸಂದರ್ಶನವನ್ನು ಗ್ರಂಥಾಲಯದಲ್ಲಿ ಪ್ರಿಂಟ್ ಹಾಕಿಸಿ ತಂದಿದ್ದರು. ನಾಲ್ಕು ಹಾಳೆಗಳನ್ನು ಅಡುಗೆಮನೆಯ ಮೇಜಿನ ಮೇಲೆ ಸಾಲಾಗಿ ಹರಡಿ, ಕೈಯಲ್ಲಿ ಕೆಂಪು ಪೆನ್ನು ಹಿಡಿದು ಕೂತಿದ್ದರು. ಕೂತ್ಕೊಳ್ಳಿ ಎಂದರು. ಚಹಾ ಕೊಡಲಿಲ್ಲ.

ನಾನು ನಿಂತೇ ಹಾಳೆಗಳ ಮೇಲೆ ಕಣ್ಣಾಡಿಸಿದೆ. ಮೊದಲ ಹಾಳೆಯಲ್ಲಿ ಕೆಂಪಿಲ್ಲ. ಎರಡನೆಯದರಲ್ಲಿ ಒಂದು ಹತ್ತು ಹಾಗೆಯೇ ಇತ್ತು. ಡೈರೆಕ್ಟರ ಹೆಸರೂ ಇತ್ತು. ಹೊಸ ಹಾಳೆ ಬರೆದದ್ದೂ ಇತ್ತು. ಮೂರನೆಯದರಲ್ಲಿ ಮಾತ್ರ ಒಂದೇ ಒಂದು ವಾಕ್ಯವನ್ನು ಕಾಗದ ಹರಿಯುವ ಹಾಗೆ ಹೊಡೆದು ಹಾಕಿದ್ದರು. ಎರಡು ಚಿಕ್ಕ ಮಕ್ಕಳ ತಾಯಿ ನಾನು.

"ಇದು ನನ್ನ ಮಾತಲ್ಲ" ಎಂದರು.

ನಿಮ್ಮದೇ, ರೆಕಾರ್ಡ್ ಆಗಿದೆ ಎಂದೆ. ನನಗೆ ಅನುಮಾನವೇ ಇರಲಿಲ್ಲ. ಬರೆಯುವಾಗ ಕಣ್ಣು ತುಂಬಿದ್ದ ವಾಕ್ಯ ಅದು. ಮೊಬೈಲ್ ತೆಗೆದು ಆ ಜಾಗ ಹುಡುಕಿ ಮೇಜಿನ ಮೇಲಿಟ್ಟೆ. ಗಡಿಯಾರದ ಟಿಕ್ ಟಿಕ್ ಬಂತು, ಲೋಟಕ್ಕೆ ಚಮಚ ತಾಗಿದ ಸದ್ದು ಬಂತು. ಆಮೇಲೆ ನನ್ನದೇ ದನಿ, ಮೆತ್ತಗೆ, ಕರುಣೆಯಿಂದ: "ಎರಡು ಚಿಕ್ಕ ಮಕ್ಕಳಿದ್ರು ನಿಮಗೆ. ಕೆಲಸ ಹೋದ್ರೆ ಏನು ಗತಿ ಅಂತ ಹೆದರಿಕೆ ಆಗಿರ್ಬೇಕಲ್ವಾ?" ಮತ್ತೆ ಚಮಚದ ಸದ್ದು. ಆಮೇಲೆ ಲುಸಿನಾ ದನಿ: "ಇನ್ನೊಂದು ಚೂರು ಕೇಕ್ ತಗೊಳ್ಳಿ."

ಮುಂದೆ ಪ್ಲೇಟಿನ ಸದ್ದು. ಅಷ್ಟೇ.

ಈ ಕೆಲಸಕ್ಕೆ ಸೇರಿದ ಹುಡುಗಿಯರಿಗೆ ಮೊದಲ ವಾರವೇ ಹೇಳಿಕೊಡುತ್ತೇನೆ: ನಿಮ್ಮ ಪ್ರಶ್ನೆಗೆ ಎದುರಿನವರು ತಲೆಯಾಡಿಸಿದರೆ ಅದು ಅವರ ಮಾತಾಗುವುದಿಲ್ಲ. ಇವರು ತಲೆಯನ್ನೂ ಆಡಿಸಿರಲಿಲ್ಲ, ಕೇಕು ಕೊಟ್ಟಿದ್ದರು. ನಾನು ಕೇಕು ತಿಂದು, ನನ್ನ ಹೆದರಿಕೆಯನ್ನು ಅವರ ಬಾಯಿಗೆ ಹಾಕಿ ಬಂದಿದ್ದೆ.

ತೆಗೆದುಬಿಡುತ್ತೇನೆ ಎಂದೆ. ಆ ಜಾಗಕ್ಕೆ ಬೇರೆ ಯಾವುದಾದರೂ ವಾಕ್ಯ ಹಾಕುತ್ತೇನೆ, ಕ್ಷಮಿಸಿ ಎಂದೆ.

"ತೆಗೆದ್ರೆ ಸಾಲಲ್ಲ. ಇಲ್ಲೇನಿತ್ತು ಅಂತ ಬರ್ಕೊಳ್ಳಿ." ಕೆಂಪು ಪೆನ್ನನ್ನು ಕೆಳಗಿಟ್ಟರು. "ನನ್ನನ್ನ ಯಾರೂ ಹೆದರಿಸ್ಲಿಲ್ಲ. ಡೈರೆಕ್ಟರು ಬಂದು ಪಕ್ಕದಲ್ಲಿ ಕೂತು, ಲುಸಿನಾ, ಹೀಗೊಂದು ಉಪಕಾರ ಆಗ್ಬೇಕಲ್ಲ ಅಂದ್ರು. ಎರಡು ತಿಂಗಳಿಗೆ ಮನೆಯ ಬೀಗದ ಕೈ ಬಂತು. ಸರ್ಕಾರಿ ಮನೆಗೆ ಕಾಯೋರ ಪಟ್ಟಿಯಲ್ಲಿ ನನಗಿಂತ ಮುಂದೆ ನಲವತ್ತು ಸಂಸಾರ ಇತ್ತು. ಆಗಿನ ಪೋಲೆಂಡಿನಲ್ಲಿ ಜನ ಹದಿನೈದು ವರ್ಷ ಕಾಯ್ತಿದ್ರು. ನಾನು ಎರಡು ತಿಂಗಳು."

"ಯಾವ ಮನೆ?" ಎಂದೆ. ಕೇಳುವಾಗಲೇ ಗೊತ್ತಾಗಿತ್ತು.

"ಇದೇ. ನೀವು ಮೊನ್ನೆ ಬಾಲ್ಕನಿ ಎಷ್ಟು ಚೆನ್ನಾಗಿದೆ ಅಂದ್ರಲ್ಲ."

ಬರೆದುಕೊಳ್ಳಲು ಕೈ ಬರಲಿಲ್ಲ. ಇದು ಅಚ್ಚಾದರೆ ಊರು ಇವರನ್ನು ಬಿಡುವುದಿಲ್ಲ, ಕೆಳಗಿನ ಟಪಾಲು ಪೆಟ್ಟಿಗೆಯ ಮೇಲೆ ಏನೇನು ಗೀಚುತ್ತಾರೋ ಎಂದೆಲ್ಲ ಹೇಳಿದೆ. ನಾನು ಬರೆಯುತ್ತಿರುವ ಸಂದರ್ಶನದಿಂದ ಅದನ್ನು ಕೊಟ್ಟವರನ್ನೇ ಉಳಿಸಲು ಹೊರಟಿದ್ದೆ. ಮಕ್ಕಳ ಬಗ್ಗೆಯಾದರೂ ಯೋಚಿಸಿ ಎಂದಾಗ ಅವರಿಗೆ ಸಿಟ್ಟು ಬಂತು.

"ಮಕ್ಕಳು, ಮಕ್ಕಳು. ಆ ರೈಮುಂದ್ ಅವ್ರಿಗೂ ಒಬ್ಬಳು ಮಗಳಿದ್ಲು. ಹೆದರಿದೆ ಅಂತ ನೀವು ಬರೆದ್ರೆ ಊರೆಲ್ಲ ನನಗೆ ಅಯ್ಯೋ ಪಾಪ ಅನ್ನುತ್ತೆ. ಆ ಪಾಪ ಅನ್ನೋದು ಆ ಮನೆಗೆ ಸೇರ್ಬೇಕಾದ್ದು. ಅದನ್ನೂ ನಾನೇ ತಿನ್ಲಾ?"

ಬರೆದುಕೊಂಡೆ. ಅವರು ಓದಿ, ಉಪಕಾರ ಎಂಬಲ್ಲಿ ನಾನು ಸಹಾಯ ಎಂದು ಬರೆದದ್ದನ್ನು ತಿದ್ದಿಸಿ, ನಾಲ್ಕೂ ಹಾಳೆಯ ಕೆಳಗೆ ಸಹಿ ಹಾಕಿ ಹೊತ್ತು ನಮೂದಿಸಿದರು. ಹೊತ್ತು ಬರೆಯುವುದರಲ್ಲಿ ಅವರ ಕೈ ಬಲು ಚೊಕ್ಕ. ಹದಿಮೂರು ಗಂಟೆ ಹದಿನಾಲ್ಕು ನಿಮಿಷ. ಹಾಳೆಗಳ ಫೋಟೋ ತೆಗೆದು ಜೆನೋನ್‌ಗೆ ಕಳಿಸಿದೆ. ಕೆಳಗೆ 'ಹೌದು' ಎಂದು ಮಾತ್ರ ಬರೆದೆ.

ಇನ್ನು ಹೊರಡಬಹುದಿತ್ತು. ಆದರೆ ಲುಸಿನಾ ಎದ್ದು ನನ್ನ ದಾರಿಗೆ ಅಡ್ಡ ನಿಂತಿದ್ದರು.

"ಅವರ ಮಗಳಿಗೆ ಗೊತ್ತಾ?"

ಇಲ್ಲ, ನಿಮ್ಮ ಒಪ್ಪಿಗೆಗೆ ಮೊದಲು ಹೇಳುವ ಹಾಗಿರಲಿಲ್ಲ ಎಂದೆ.

"ಈಗ ಒಪ್ಪಿಗೆ ಆಯ್ತಲ್ಲ. ಗುರುವಾರ ಅಂಗಡೀಲಿ ನಿಂತು ಪೇಪರ್‌ನಲ್ಲಿ ಓದ್ಲಿ ಅಂತೀರಾ? ಅಪ್ಪನ ವಿಷಯ ಆ ಮಗು ಮೊದಲ ಸಲ ತಿಳ್ಕೊಂಡದ್ದೂ ಪೇಪರ್‌ನಲ್ಲೇ."

ಸಂಜೆ ಶಾಲೆಯ ಗೇಟಿನಲ್ಲಿ ಹೇಗೋ ಹೇಳಿದರಾಯಿತು ಎಂದುಕೊಂಡಿದ್ದೆ. ಅಥವಾ ಹಾಗೂ ಅಂದುಕೊಂಡಿರಲಿಲ್ಲವೇನೋ. ಲುಸಿನಾ ಮನೆಯ ಚಪ್ಪಲಿ ಬಿಚ್ಚಿ ಶೂ ಹಾಕಿಕೊಂಡರು, ಕೋಟಿನ ಗುಂಡಿಗಳನ್ನು ಒಂದೂ ಬಿಡದೆ ಹಾಕಿ, ಕನ್ನಡಿ ನೋಡದೆ ಬಾಗಿಲು ತೆಗೆದರು.

ಕಾರಿನಲ್ಲಿ ಅವರು ಮಾತಾಡಿದ್ದು ಒಂದೇ ಸಲ. ಕಿಂಗಾ ಆ ದವಾಖಾನೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ತಾನು ಹಲ್ಲು ತೋರಿಸಲು ಬಸ್ಸು ಹತ್ತಿ ಪಕ್ಕದೂರಿಗೆ ಹೋಗುತ್ತೇನೆ, ಹನ್ನೆರಡು ವರ್ಷವಾಯಿತು ಎಂದರು. ಆಮೇಲೆ ಕೈಚೀಲದ ಹಿಡಿಯನ್ನು ತಿರುಚುತ್ತಾ ಕೂತರು.

ದವಾಖಾನೆಯಲ್ಲಿ ಇಬ್ಬರು ಕಾಯುತ್ತಿದ್ದರು. ಕೆನ್ನೆ ಊದಿಸಿಕೊಂಡ ಒಬ್ಬ ಗಂಡಸು, ಪತ್ರಿಕೆ ತಿರುವುತ್ತಿದ್ದ ಒಬ್ಬ ಅಜ್ಜಿ. ಕಿಂಗಾ ಕೌಂಟರಿನ ಹಿಂದಿದ್ದಳು. ನನ್ನನ್ನು ನೋಡಿ, ಗುರುವಾರ ಅಂದಿದ್ದೆನಲ್ಲೇ, ತಡ್ಕೊಳ್ಳೋಕಾಗ್ಲಿಲ್ವಾ ಎಂದಳು. ಆಮೇಲೆ ಲುಸಿನಾ ಕಡೆ ತಿರುಗಿ ದಾಖಲೆ ತೆರೆದಳು.

"ನೀವು ಹೊಸಬರಾ? ಹೆಸರು ಹೇಳಿ. ಯಾವ ಹಲ್ಲು?"

"ಹಲ್ಲಲ್ಲ." ಲುಸಿನಾ ಎರಡೂ ಕೈಯನ್ನು ಕೌಂಟರಿನ ಮೇಲಿಟ್ಟರು. "ನಿಮ್ಮ ತಂದೆ ಆ ರಾತ್ರಿ ಫೋನ್ ಮಾಡಿದ್ರು. ಒಂದು ಹತ್ತಕ್ಕೆ. ಎತ್ತಿದ್ದು ನಾನು. ಪುಸ್ತಕದಲ್ಲಿ ಒಂದು ಐವತ್ತು ಅಂತ ಬರೆದಿದ್ದೂ ನಾನೇ."

ಕಿಂಗಾ ಕೈಯಲ್ಲಿ ಪೆನ್ನಿತ್ತು. ಅದನ್ನು ಅವಳು ಹೆಸರು ಬರೆಯುವ ಜಾಗದಲ್ಲೇ ಹಿಡಿದಿದ್ದಳು. ಅಜ್ಜಿ ಪತ್ರಿಕೆ ತಿರುವುವುದನ್ನು ನಿಲ್ಲಿಸಿದಳು. ಒಳಗಿನಿಂದ ಡಾಕ್ಟರ ಯಂತ್ರದ ಗುಂಯ್ ಗುಂಯ್ ಕೇಳುತ್ತಲೇ ಇತ್ತು.

"ಕುಡಿದಿದ್ರಾ?" ಎಂದು ಕೇಳಿದಳು ಕೊನೆಗೆ. ದವಾಖಾನೆಯಲ್ಲಿ ಅಲರ್ಜಿ ಇದೆಯಾ ಎಂದು ಕೇಳುವ ದನಿ ಅದು.

"ಇಲ್ಲ. ಎರಡನೇ ಶೆಡ್ಡು, ದಕ್ಷಿಣದ ಬಾಗಿಲು, ಹೊಗೆ ಬಿಳೀದು, ಒಳಗೊಬ್ಬ ಇರ್ಬಹುದು. ಹೀಗೆ ಒಂದೊಂದಾಗಿ ಹೇಳಿದ್ರು. ಇನ್ನೆರಡು ಸಲ ಫೋನ್ ಮಾಡಿ, ಬಂದ್ರಾ, ಬಂದ್ರಾ ಅಂತ ಕೇಳಿದ್ರು."

ಕಿಂಗಾ ಲುಸಿನಾ ಅವರನ್ನು ನೋಡಲಿಲ್ಲ. ನನ್ನನ್ನು ನೋಡಿದಳು.

"ನಾನೂ ನಂಬ್ಲಿಲ್ಲ ಕಣೇ" ಎಂದಳು. "ಸಾಯೋವರೆಗೂ ಒಂದು ಹತ್ತು, ಒಂದು ಹತ್ತು ಅಂತಿದ್ರು. ಕೊನೆಕೊನೆಗೆ ನಾನು, ಸಾಕು ನಿಲ್ಸಪ್ಪ ಅಂತಿದ್ದೆ. ಹದಿನಾಲ್ಕು ವರ್ಷ ನನಗಾಗ."

ಸಮಾಧಾನದ ಮಾತು ಹೇಳಲು ನನಗೆ ಧೈರ್ಯ ಬರಲಿಲ್ಲ. ಬೇರೆಯವರ ಬಾಯಿಗೆ ಮಾತು ಹಾಕುವ ಚಟದಿಂದ ಆವತ್ತು ಒಮ್ಮೆ ಸಿಕ್ಕಿಬಿದ್ದಾಗಿತ್ತು. ಲುಸಿನಾ ಕ್ಷಮೆ ಕೇಳುತ್ತಾರೇನೋ ಎಂದು ಕಾದೆ. ಕೇಳಲಿಲ್ಲ. ಕೇಳಿ ಏನನ್ನಾದರೂ ಪಡೆದುಕೊಳ್ಳಲು ಬಂದ ಹಾಗೆ ಅವರು ನಿಂತಿರಲಿಲ್ಲ. ಕೆನ್ನೆ ಊದಿದವನು ಮಾತ್ರ ಎದ್ದು, ನನ್ನ ಸರದಿಗೆ ಅವಸರವಿಲ್ಲ ಎಂದು ತೊದಲಿ ಮತ್ತೆ ಕೂತ.

"ಗುರುವಾರ ಬರುತ್ತಾ?" ಕಿಂಗಾ ಕೇಳಿದಳು. ಬರುತ್ತೆ ಎಂದೆ.

"ಯಾವ ಪುಟ?"

"ಒಂಬತ್ತು."

ಅವಳು ತಲೆಯಾಡಿಸಿದಳು. ಪೆನ್ನಿನ ಮುಚ್ಚಳ ಹಾಕಿದಳು. ತೆಗೆದಳು. "ಆಗ ಮೊದಲ ಪುಟ ಕೊಟ್ಟಿದ್ರಿ. ನಿಮ್ಮ ಪೇಪರೇ. ಮೇಲ್ಗಡೆ, ಬಲಕ್ಕೆ. ಹೆಸರು ಮಾತ್ರ ಪೂರ್ತಿ ಹಾಕಿರ್ಲಿಲ್ಲ. ರೈಮುಂದ್ ಕ. ಅಂತ. ಮಾನ ಕಾಪಾಡೋದಕ್ಕಂತೆ. ಮಾರನೇ ದಿನ ಕ್ಲಾಸಲ್ಲಿ ನನ್ನನ್ನ ಕ. ಅಂತಲೇ ಕರೆದ್ರು."

ಒಂದೂ ಮೂವತ್ತೈದಾಗಿತ್ತು. ನಾನು ಅಲ್ಲೇ, ಅವಳೆದುರೇ, ಜೆನೋನ್‌ಗೆ ಫೋನು ಮಾಡಿದೆ. ಹಾಳೆಗಳು ಬಂದವು, ಅದ್ಭುತ, ಪುಟ ಈಗ ಕಳಿಸುತ್ತಿದ್ದೇನೆ ಎಂದರು. ಕಳಿಸಬೇಡಿ ಎಂದೆ. ಮೊದಲ ಪುಟಕ್ಕೆ ಹಾಕಿ ಎಂದೆ. ಆ ಕಡೆ ಉಸಿರು ಬಿಟ್ಟದ್ದು ಕೇಳಿಸಿತು. ಮೊದಲ ಪುಟದಲ್ಲಿ ಹೊಸ ರಸ್ತೆ ವೃತ್ತದ ಉದ್ಘಾಟನೆಯಿದೆ, ಮೇಯರು ಕತ್ತರಿ ಹಿಡಿದ ಫೋಟೋ ಐದು ಕಾಲಂ ಇದೆ, ಅದನ್ನು ನಂಬಿ ಅವರು ಬರುವ ತಿಂಗಳ ಜಾಹೀರಾತು ಕೊಟ್ಟಿದ್ದಾರೆ, ಇನ್ನು ಅರ್ಧ ಗಂಟೆಯಲ್ಲಿ ಪೊಜ್ನಾನಿನವರು ಬಾಗಿಲು ಹಾಕುತ್ತಾರೆ, ನಿನಗೆ ತಲೆ ಸರಿಯಿದೆಯಾ ಎಂದರು. ಎಲ್ಲವೂ ನಿಜವೇ.

"ಆಗ ನಾವು ಮೊದಲ ಪುಟದಲ್ಲಿ ಹಾಕಿದ್ವಂತೆ ಜೆನೋನ್. ಮೇಲ್ಗಡೆ, ಬಲಕ್ಕೆ."

ಕುರ್ಚಿ ಎಳೆದ ಸದ್ದು. ಬಾಯಲ್ಲೇ ಏನೋ ಬೈದುಕೊಂಡರು, ಮೇಯರಿಗೋ ನನಗೋ ತಿಳಿಯಲಿಲ್ಲ.

"ವೃತ್ತ ಎಲ್ಲೂ ಓಡಿಹೋಗಲ್ಲ ಬಿಡು. ಒಂಬತ್ತಕ್ಕೆ ಹಾಕ್ತೀನಿ. ಶೀರ್ಷಿಕೆ ಹೇಳು, ಬೇಗ."

'ಕಾವಲುಗಾರ ಒಂದು ಹತ್ತಕ್ಕೇ ಕರೆ ಮಾಡಿದ್ದರು' ಎಂದೆ.

"ಯಾವ ಕಾವಲುಗಾರ? ಹೆಸರು ಬೇಕು. ರೈಮುಂದ್ ಏನು, ಕ. ಅಂತ ಹಾಕ್ಲಾ?"

ಮೊಬೈಲನ್ನು ಕಿಂಗಾ ಕಡೆ ಹಿಡಿದೆ. ಅವಳು ಕೌಂಟರಿನ ಮೇಲೆ ಬಗ್ಗಿ, ದವಾಖಾನೆಯಲ್ಲಿ ರೋಗಿಗಳ ಹೆಸರು ಕೂಗುವಷ್ಟೇ ದೊಡ್ಡ ದನಿಯಲ್ಲಿ ಹೇಳಿದಳು.

"ಕಾಲೆತಾ. ರೈಮುಂದ್ ಕಾಲೆತಾ. ಪೂರ್ತಿ ಹಾಕಿ."

ಯಾರು ಮಾತಾಡ್ತಿರೋದು ಎಂದು ಜೆನೋನ್ ಕೇಳಿದರು. ಅವರ ಮಗಳು ಎಂದೆ. ಆ ಕಡೆಯಿಂದ ಕೀಲಿಗಳನ್ನು ಒತ್ತುವ ಸದ್ದು ಬರತೊಡಗಿತು.